ಆಟದ ಹಸು ಸಾಯಲೇಬೇಕೇ?

ಪತ್ರ: ಮಾನ್ಯ ಸಂಪಾದಕರೇ, ನನ್ನ ಮಗಳು ಹೊಲ ಮಾಡುವ ವಿಡಿಯೋ ಗೇಮ್ ಒಂದನ್ನು ಆಡುತ್ತಾಳೆ. ಹೆಸರಿಟ್ಟು ಸಾಕಿದ ಹಸು ವಯಸ್ಸಾಗಿ ಸತ್ತಿತೆಂದು ಅತ್ತು ಊಟ ಬಿಟ್ಟಳು. ಮನರಂಜನೆಯ ಆಟದಲ್ಲಿ ಇದೇಕೆ ಬೇಕು? ನಿಮ್ಮ ಪತ್ರಿಕೆ ಪೋಷಕರನ್ನು ಎಚ್ಚರಿಸಬಾರದೇ?

ಸಂಪಾದಕರ ಉತ್ತರ: ಮಗಳ ಕೈಗೆ ಆಟ ಕೊಟ್ಟು ಸುಮ್ಮನಾಗದೆ, ಏಕೆ ಅತ್ತಳೆಂದು ವಿಚಾರಿಸಿದಿರಲ್ಲ, ಮೆಚ್ಚಿದೆ. ದುಡಿದು ದಣಿದವರು ಅರ್ಧ ಗಂಟೆ ಹಾಯಾಗಿ ಆಡುವಾಗ ಸಾವು ಬೇಡವೆಂದರೆ ತಪ್ಪೂ ಅಲ್ಲ. ಆದರೂ ನಾನು ಆ ಹಸುವಿನ ಪಕ್ಷ.

2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿಯನ್ನೇ ನೋಡಿ. ಎರಿಕ್ ಬರೋನ್ ಒಬ್ಬರೇ ಕೂತು ಕಟ್ಟಿದ ಆಟ, ನನಗೂ ಇಷ್ಟ. ಅದು ಶುರುವಾಗುವುದೇ ಕೊನೆಯ ಹಾಸಿಗೆ ಹಿಡಿದ ಅಜ್ಜನಿಂದ. ಮೊಹರು ಹಾಕಿದ ಪತ್ರವೊಂದನ್ನು ಕೊಟ್ಟು ಕಣ್ಮುಚ್ಚುವ ಅಜ್ಜ, ಮೂರನೇ ವರ್ಷದ ಆರಂಭದಲ್ಲಿ ಪ್ರೇತವಾಗಿ ಬಂದು ನಾವು ಹೊಲವನ್ನು ಹೇಗೆ ನೋಡಿಕೊಂಡಿದ್ದೇವೆಂದು ತೂಗಿ ಹೇಳುತ್ತಾನೆ. ಅಜ್ಜ ಸಾಯಬಹುದು, ಕೋಳಿ ಮಾತ್ರ ಚಿರಂಜೀವಿ! ಎಷ್ಟು ವರ್ಷ ಆಡಿದರೂ ಅದಕ್ಕೆ ಮುಪ್ಪಿಲ್ಲ. ಮೇವು ಹಾಕದಿದ್ದರೆ ಮುನಿಸಿಕೊಳ್ಳುತ್ತದೆ, ಅಷ್ಟೆ. ಪ್ರಾಣ ಹೋಗುವುದಿದ್ದರೆ ರಾತ್ರಿ ಅದನ್ನು ಹೊರಗೇ ಬಿಟ್ಟು ಗೂಡಿನ ಬಾಗಿಲು ಮುಚ್ಚಿದಾಗ, ಕಾಡುಪ್ರಾಣಿಯ ಬಾಯಿಗೆ ಸಿಕ್ಕಿ. ಹಂದಿಯನ್ನೂ ಅಲ್ಲಿ ಯಾರೂ ಕಡಿಯುವುದಿಲ್ಲ. ಅದು ನೆಲದಡಿ ಬೆಳೆಯುವ ಟ್ರಫಲ್ ಎಂಬ ಅಣಬೆಯನ್ನು ಹುಡುಕಿಕೊಡುತ್ತದೆ.

ಇದರ ಪಕ್ಕಕ್ಕೆ 2003ರ ಹಾರ್ವೆಸ್ಟ್ ಮೂನ್: ಎ ವಂಡರ್‌ಫುಲ್ ಲೈಫ್ ಇಡಿ. ಅಲ್ಲಿ ಕರೆಯುವ ಹಸು ಕೆಲಕಾಲಕ್ಕೆ ಬತ್ತುತ್ತದೆ. ಮತ್ತೆ ಗಬ್ಬವಾಗಿ ಈದರಷ್ಟೇ ಹಾಲು. ಹೋರಿಗರು ಹುಟ್ಟಿದರೆ ಅದನ್ನೇನು ಮಾಡುವುದೆಂದು ತಲೆ ಕೆರೆದುಕೊಳ್ಳಬೇಕು. ಹಸು ಮುದಿಯಾಗುತ್ತದೆ, ಮಗ ಬೆಳೆಯುತ್ತಾನೆ, ಕೊನೆಗೆ ನಾಯಕನೂ ಸಾಯುತ್ತಾನೆ. ನಿಮ್ಮ ಮಗಳು ಅತ್ತದ್ದು ಇಂಥ ಹಸುವಿಗೆ. ಸಾಯದ ಹಸುವಿಗೆ ಯಾರು ಅಳುತ್ತಾರೆ ಹೇಳಿ? ಅದೊಂದು ನಲ್ಲಿ, ತಿರುಗಿಸಿದರೆ ಹಾಲು.

ನಿಜವಾದ ಹಸು 20 ವರ್ಷ ಬಾಳಬಲ್ಲದು. ಐರ್ಲೆಂಡಿನ ಬಿಗ್ ಬರ್ಥಾ ಎಂಬ ಹಸು 1993ರ ಕೊನೆಗೆ ಸತ್ತಾಗ ಅದಕ್ಕೆ 49 ತುಂಬಲು ಮೂರು ತಿಂಗಳಷ್ಟೇ ಬಾಕಿಯಿತ್ತು. ಈದದ್ದು 39 ಕರು! ಯಂತ್ರದಲ್ಲಿ ಹಾಲು ಕರೆಯುವ ದೊಡ್ಡ ಡೈರಿಗಳಲ್ಲಿ ಐದಾರು ವರ್ಷಕ್ಕೇ ಹಸುವಿನ ಕಥೆ ಮುಗಿಯುತ್ತದೆ. ಮಾಂಸದ ಕೋಳಿಗೆ ಸಿಗುವುದು ಸುಮಾರು ಆರು ವಾರ. ಇದೆಲ್ಲ ಗೊತ್ತಿದ್ದೂ ಮಕ್ಕಳಿಗೆ ಮುಪ್ಪಿಲ್ಲದ ಕೊಟ್ಟಿಗೆ ತೋರಿಸುವುದು ಕರುಣೆಯೆಂದು ನನಗೆ ಅನ್ನಿಸುವುದಿಲ್ಲ.

ಈ ಚಾಳಿ ಹೊಸದೇನಲ್ಲ. 1996ರಲ್ಲಿ ಜಪಾನಿನಲ್ಲಿ ತಮಾಗೋಚಿ, ಅಂದರೆ ಪುಟ್ಟ ತೆರೆಯೊಳಗೆ ಮರಿ ಸಾಕುವ ಎಲೆಕ್ಟ್ರಾನಿಕ್ ಆಟಿಕೆ, ಬಂದಾಗ, ಸತ್ತ ಮರಿಯ ಬದಲು ತೆರೆಯ ಮೇಲೆ ಸಮಾಧಿ, ಪಕ್ಕದಲ್ಲೊಂದು ಪುಟ್ಟ ದೆವ್ವ ಕಾಣುತ್ತಿತ್ತು. ಅಮೆರಿಕಕ್ಕೆ ಕಳಿಸುವಾಗ ಅದಕ್ಕೆ ರೆಕ್ಕೆ ಹಚ್ಚಿ ದೇವದೂತ ಮಾಡಿದರು. ಈಗಂತೂ ಎಲ್ಲಕ್ಕೂ ಒಂದು ಗುಂಡಿ ಬೇಕು: ದುಃಖ ಬೇಡವೇ, ಒತ್ತಿ. ನಮ್ಮ ಪತ್ರಿಕೆಯ ಧಾರಾವಾಹಿ ಕಥೆಗೆ ಬರುವ ಪತ್ರಗಳನ್ನು ನೀವು ನೋಡಬೇಕು. "ಅಜ್ಜನನ್ನು ದಯವಿಟ್ಟು ಸಾಯಿಸಬೇಡಿ", "ಸಾಯಿಸಿದರೆ ಚಂದಾ ನಿಲ್ಲಿಸುತ್ತೇವೆ". ಎಂಬತ್ತೇಳು ದಾಟಿದ, ಮೂರು ಕಂತಿನಿಂದ ಕೆಮ್ಮುತ್ತಿರುವ ಮುದುಕ ಮತ್ತೇನು ಮಾಡಬೇಕು, ಮದುವೆಯಾಗಬೇಕೇ? ಲೇಖಕಿಗೆ ಈ ಪತ್ರಗಳನ್ನು ತೋರಿಸಿದರೆ ಹೆದರಿ ಅಜ್ಜನನ್ನು ಉಳಿಸಿಬಿಟ್ಟಾರೆಂದು ನಾನೇ ಬಚ್ಚಿಟ್ಟಿದ್ದೇನೆ.

ಹಾಗಾಗಿ ಆಟದ ಬಗ್ಗೆ ಎಚ್ಚರಿಕೆ ಮುದ್ರಿಸಲಾರೆ, ಕ್ಷಮಿಸಿ. ಮಗಳು ಆ ಹಸುವಿನ ಬಗ್ಗೆ ಏನಾದರೂ ಬರೆದರೆ ಕಳಿಸಿ, ಮಕ್ಕಳ ಪುಟದಲ್ಲಿ ಹಾಕುತ್ತೇವೆ. ಧಾರಾವಾಹಿಯ ವಿಷಯದಲ್ಲಿ ಮಾತ್ರ ಎಚ್ಚರಿಸಬಲ್ಲೆ: ಮುಂದಿನ ಸಂಚಿಕೆಯನ್ನು ಅವಳಿಗಿಂತ ಮೊದಲು ನೀವೇ ಓದಿ.