ದೆವ್ವಕ್ಕೂ ಒಂದು ಊರು ಬೇಕು

ಸೂಪರ್‌ಹೀರೋ ಸಿನಿಮಾ ನೋಡಿ ಸಾಕಾಗಿದೆ, ಹಾರರ್ ನೋಡಿದರೆ ಹೆದರಿಕೆ ಬದಲು ನಗು ಬರುತ್ತದೆ, ಕಲ್ಟ್ (ಜನ ಹುಚ್ಚು ಹಚ್ಚಿಕೊಂಡು ಮತ್ತೆ ಮತ್ತೆ ನೋಡುವ ಸಿನಿಮಾ) ಅನ್ನೋ ಮಾತನ್ನಂತೂ ಕಂಡಕಂಡದ್ದಕ್ಕೆಲ್ಲ ಅಂಟಿಸುತ್ತಾರೆ, ಹಾಗಾದರೆ ಈ ಮೂರರಲ್ಲಿ ನೋಡುವಂಥದ್ದು ಏನಾದರೂ ಉಳಿದಿದೆಯಾ ಅಂತ ಕೇಳಿದ್ದೀರಿ. ಉಳಿದಿದೆ. ಆದರೆ ನಾನು ವಿಮರ್ಶಕ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ಕೆಲಸ, ತೀರ್ಥಹಳ್ಳಿ ಕಡೆ ಅಜ್ಜಿ ಮನೆ, ಶನಿವಾರ ರಾತ್ರಿ ಒಂದು ಸಿನಿಮಾ. ಇಷ್ಟೇ ನನ್ನ ಯೋಗ್ಯತೆ.

ಹಾರರ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರ ಬಗ್ಗೆಯೇ ನನಗೆ ಮಾತು ಜಾಸ್ತಿ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಅಜ್ಜಿ ಮನೆಯಲ್ಲಿದ್ದೆ. ಮೂರು ದಿನದಿಂದ ಮಳೆ ಹೊಳವಾಗಿರಲಿಲ್ಲ. ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು, ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಹಾಕಿಕೊಂಡು ಕೂತೆ. 1999ರ ಸಿನಿಮಾ. ಮೂವರು ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದುಕೊಂಡು ಅಮೆರಿಕದ ಮೇರಿಲ್ಯಾಂಡ್ ಕಡೆಯ ಒಂದು ಕಾಡಿಗೆ ಹೋಗುತ್ತಾರೆ, ಅಲ್ಲಿನ ಮಾಟಗಾತಿ ಕಥೆಯನ್ನು ಶೂಟ್ ಮಾಡೋಕೆ. ದಾರಿ ತಪ್ಪುತ್ತದೆ. ಇಡೀ ಸಿನಿಮಾದಲ್ಲಿ ಮಾಟಗಾತಿ ಒಂದೇ ಒಂದು ಸಲವೂ ಕಾಣಿಸುವುದಿಲ್ಲ. ಕ್ಯಾಮೆರಾ ಹಿಡಿದದ್ದು ಹೆಚ್ಚುಕಡಿಮೆ ನಟರೇ. ಇವತ್ತು ಏನು ಮಾಡಬೇಕು ಅಂತ ನಿರ್ದೇಶಕರು ಚೀಟಿ ಬರೆದು ಡಬ್ಬಿಯಲ್ಲಿ ಇಟ್ಟು ಹೋಗುತ್ತಿದ್ದರಂತೆ, ದಿನದಿನಕ್ಕೂ ಊಟ ಕಡಿಮೆ ಮಾಡುತ್ತಿದ್ದರು, ರಾತ್ರಿ ಬಂದು ಟೆಂಟ್ ಅಲ್ಲಾಡಿಸುತ್ತಿದ್ದರು. ಅದಕ್ಕೇ ಆ ಮೂವರ ಸಿಟ್ಟು, ಸುಸ್ತು ಎರಡೂ ಪೂರ್ತಿ ನಟನೆ ಅನ್ನಿಸುವುದಿಲ್ಲ.

ಅಜ್ಜಿ ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಇಂಗ್ಲಿಷ್ ಬರಲ್ಲ, ಹಾಗಾಗಿ ನಾನೇ ಮಧ್ಯೆ ಮಧ್ಯೆ ಹೇಳುತ್ತಿದ್ದೆ. ಒಬ್ಬ ಸಿಟ್ಟಿನಲ್ಲಿ ಮ್ಯಾಪನ್ನು ಹಳ್ಳಕ್ಕೆ ಒದ್ದುಬಿಟ್ಟ ಅಂದೆ. “ಮ್ಯಾಪ್ ಹೋದ್ರೆ ಹೋಯ್ತು, ಹಳ್ಳ ಇದ್ಯಲ್ಲ, ಅದ್ರ ಗುಂಟ ಕೆಳಗೆ ಹೋಗಕ್ಕೆ ಏನು ಧಾಡಿ” ಅಂದಳು. ಇಡೀ ದಿನ ದಕ್ಷಿಣಕ್ಕೆ ನಡೆದು ಸಂಜೆ ಮತ್ತೆ ಅದೇ ಮರದ ದಿಮ್ಮಿಯ ಹತ್ತಿರ ಬಂದರು ಅಂದೆ. ಅಜ್ಜಿ ಹಣೆ ಚಚ್ಚಿಕೊಂಡಳು. ಅವಳಿಗೆ ಮಾಟಗಾತಿ ಲೆಕ್ಕಕ್ಕೇ ಇಲ್ಲ, ಆ ಮಕ್ಕಳ ದಡ್ಡತನವೇ ದೊಡ್ಡ ಸಂಕಟ. ಆದರೆ ಕಡ್ಡಿ ಕಟ್ಟಿ ಮಾಡಿದ ಗೊಂಬೆಗಳು ಮರದ ತುಂಬ ನೇತಾಡುವ ಸೀನ್ ಬಂತು ನೋಡಿ, ಅಡಕತ್ತರಿ ಸದ್ದು ನಿಂತಿತು. “ಯಾರೋ ಕಟ್ಟಿದ್ದು ಅದು. ಅಲ್ಲಿ ನಿಲ್ಲಬಾರ್ದು” ಅಂದಳು. ಅನುವಾದ ಕೇಳಲಿಲ್ಲ.

ರಾತ್ರಿ ಒಂದು ಗಂಟೆಗೆ ನಾನು ಹೊರಗೆ ಹೋಗಬೇಕಾಯಿತು. ಹಳೇ ಮನೆ, ಬಚ್ಚಲು ಹಿತ್ತಲಿನ ಆಚೆ ತುದಿಯಲ್ಲಿ. ಇಪ್ಪತ್ತು ಹೆಜ್ಜೆ ಇರಬಹುದು. ಆ ಇಪ್ಪತ್ತು ಹೆಜ್ಜೆಯ ಎಡಗಡೆಗೆ ಒಂದು ಮರ, ಅದರ ಬುಡದಲ್ಲಿ ಚೌಡಿ ಕಲ್ಲು, ಊರವರು ಹೆದರಿ ನಡೆದುಕೊಳ್ಳುವ ದೇವತೆಯದ್ದು. ಚಿಕ್ಕಂದಿನಿಂದ ನೋಡಿದ್ದೇ, ಹೊಸತೇನಲ್ಲ. ಆದರೆ ಅವತ್ತು ಟಾರ್ಚ್ ಬೆಳಕು ಅಡಿಕೆ ಮರಗಳ ಮೇಲೆ ಬಿದ್ದಾಗ ಒಂದೊಂದು ಮರವೂ ಈಗ ತಾನೆ ಬಂದು ನಿಂತವರ ಹಾಗೆ ಕಂಡಿತು. ಇನ್ನೊಂದು ವಿಷಯ ಅವತ್ತೇ ಗೊತ್ತಾದದ್ದು. ಸಿನಿಮಾದವರು ಹೆದರಿಸೋಕೆ ಮೊದಲು ಎಲ್ಲ ನಿಶ್ಶಬ್ದ ಮಾಡುತ್ತಾರೆ ಅಲ್ವಾ? ನಮ್ಮಲ್ಲಿ ಅದು ಉಲ್ಟಾ. ತಗಡಿನ ಮೇಲೆ ಮಳೆ ಹೊಡೆಯುವಾಗ ಬೇರೆ ಯಾವ ಸದ್ದೂ ಕೇಳುವುದಿಲ್ಲ. ಹಿಂದೆ ಯಾರಾದರೂ ಬಂದು ನಿಂತರೂ ಗೊತ್ತಾಗುವುದಿಲ್ಲ. ಕಿವಿ ಕಿತ್ತು ಇಟ್ಟು ಕತ್ತಲಲ್ಲಿ ಬಿಟ್ಟ ಹಾಗೆ. ನಾನು ಬಚ್ಚಲ ತನಕ ಹೋಗಲಿಲ್ಲ, ಎಲ್ಲಿ ನಿಂತೆ ಅಂತ ಇಲ್ಲಿ ಬರೆಯುವುದೂ ಇಲ್ಲ.

ಅದಕ್ಕೇ ನಾನು ಹೇಳೋದು, ಹೆದರಿಸುವುದು ದೆವ್ವ ಅಲ್ಲ, ಜಾಗ. ನಮ್ಮ ಕಡೆ ಚೌಡಿಗೆ ವಿಳಾಸ ಇದೆ. ಇಂಥ ಮರ, ಇಂಥ ಕಲ್ಲು, ಇಂಥ ಹೊತ್ತಲ್ಲಿ ಆ ಕಡೆ ಹೋಗಬಾರದು ಅಂತ. ಈಗ ಬರುವ ಎಷ್ಟೋ ಹಾರರ್ ಸಿನಿಮಾಗಳ ದೆವ್ವಕ್ಕೆ ಊರೂ ಇಲ್ಲ, ಕೇರಿಯೂ ಇಲ್ಲ. ಯಾವುದೋ ಬಂಗಲೆ, ಯಾವುದೋ ಗೊಂಬೆ, ಆಮೇಲೆ ಧಡಾರ್ ಅಂತ ಒಂದು ಸೌಂಡು. ಬೆಚ್ಚಿಬೀಳಿಸೋಕೆ ನಮ್ಮನೆ ಕುಕ್ಕರ್ ಸೀಟಿ ಸಾಕು, ಅದಕ್ಕೆ ಟಿಕೆಟ್ ಯಾಕೆ?

ಜಾಗ ಗೊತ್ತಿರುವವರು ಮಾಡಿದ ಸಿನಿಮಾ ಬೇಕಿದ್ದರೆ ಹಿಂದಿಯ ‘ತುಂಬಾಡ್’ ನೋಡಿ. 2018ರಲ್ಲಿ ಬಂದದ್ದು. ಮಹಾರಾಷ್ಟ್ರದ ಒಂದು ಹಳ್ಳಿ, ಬಿಡದೆ ಸುರಿಯುವ ಮಳೆ, ಹಳೇ ವಾಡೆ, ಒಳಗೆ ಚಿನ್ನ. ಅದರ ಮಳೆಯನ್ನು ಹಲವು ಮಳೆಗಾಲ ಕಾದು ಶೂಟ್ ಮಾಡಿದ್ದಾರೆ. ಬೇರೆಯವರಿಗೆ ಗೊತ್ತಾಗುತ್ತೋ ಇಲ್ಲವೋ, ನಮಗೆ ತಕ್ಷಣ ಗೊತ್ತಾಗುತ್ತದೆ. ಪೈಪಿನಲ್ಲಿ ಬಿಟ್ಟ ಮಳೆ ಹೀರೋ ನಿಂತ ಕಡೆ ಮಾತ್ರ ಬೀಳುತ್ತದೆ, ಹನಿ ದಪ್ಪ, ಹಿಂದಿನ ಗುಡ್ಡದ ಮೇಲೆ ಬಿಸಿಲು. ನಿಜವಾದ ಮಳೆಯಲ್ಲಿ ಗುಡ್ಡವೇ ಕಾಣುವುದಿಲ್ಲ. ಗೋಡೆ ಕಪ್ಪಾಗಿರುತ್ತದೆ, ಬಟ್ಟೆ ಒಣಗಿರುವುದಿಲ್ಲ, ಎಲ್ಲರ ಮುಖದಲ್ಲೂ ಒಂದು ಥರ ಜಿಗುಪ್ಸೆ ಇರುತ್ತದೆ. ‘ತುಂಬಾಡ್’ನಲ್ಲಿ ಆ ಜಿಗುಪ್ಸೆ ಇದೆ. ಆಗುಂಬೆ ಕಡೆಯವರಿಗೆ ತೋರಿಸಿದರೆ ದೆವ್ವ ಬರುವ ಮೊದಲೇ ಬಟ್ಟೆ ಒಳಗೆ ತರೋಕೆ ಎದ್ದು ಹೋಗುತ್ತಾರೆ.

ಕನ್ನಡದಲ್ಲಿ ಇಲ್ಲವಾ ಅಂತ ಕೇಳಬೇಡಿ. 1979ರ ‘ನಾ ನಿನ್ನ ಬಿಡಲಾರೆ’ ಇದೆ, ಅನಂತ್ ನಾಗ್ ಮೈಮೇಲೆ ಹೆಣ್ಣು ದೆವ್ವ ಬರುವುದು. ಅಮ್ಮ ಈಗಲೂ ಅದನ್ನು ಒಬ್ಬಳೇ ಕೂತು ನೋಡುವುದಿಲ್ಲ.

ಇನ್ನು ಸೂಪರ್‌ಹೀರೋ. ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ಒಬ್ಬ ಗೆಳೆಯನ ಜೊತೆ ಈ ವಿಷಯಕ್ಕೆ ಎಷ್ಟು ಸಲ ಜಗಳ ಆಗಿದೆಯೋ. ಅವನು ಮಾರ್ವೆಲ್ ಭಕ್ತ, ಒಂದಕ್ಕೊಂದು ಕೊಂಡಿ ಇರುವ ಸೂಪರ್‌ಹೀರೋ ಸಿನಿಮಾ ಮಾಡುವ ಕಂಪನಿ ಅದು. 2019ರಲ್ಲಿ ‘ಎಂಡ್‌ಗೇಮ್’ ನೋಡುವಾಗ ಕ್ಯಾಪ್ಟನ್ ಅಮೆರಿಕ ಕೈಗೆ ಯೋಗ್ಯನಾದವನಷ್ಟೇ ಎತ್ತಬಲ್ಲ ಥೋರ್‌ನ ಸುತ್ತಿಗೆ ಬಂತಲ್ಲ, ಆಗ ಥಿಯೇಟರ್‌ನಲ್ಲಿ ಎದ್ದ ಕೂಗು ನಾನೂ ಕೇಳಿದ್ದೇನೆ, ನಾನೂ ಕೂಗಿದ್ದೇನೆ. ಸುಳ್ಳು ಯಾಕೆ. ಆದರೆ ಅದು 2008ರ ‘ಐರನ್ ಮ್ಯಾನ್’ನಿಂದ ಹನ್ನೊಂದು ವರ್ಷ ಕೂಡಿಟ್ಟ ದುಡ್ಡು, ಅವತ್ತು ಒಂದೇ ಸಲ ಖರ್ಚಾಯಿತು. ಆಮೇಲೆ ಬಂದದ್ದರಲ್ಲಿ ಮುಕ್ಕಾಲು ಪಾಲು ಹೋಂವರ್ಕ್. ಈ ಸಿನಿಮಾ ಅರ್ಥ ಆಗಬೇಕಾದರೆ ಆ ಸೀರೀಸ್ ನೋಡಬೇಕು, ಆ ಸೀರೀಸ್‌ಗೆ ಇನ್ನೊಂದು ಸಿನಿಮಾ. ನನಗೆ ಆಫೀಸಲ್ಲೇ ಬೇಕಾದಷ್ಟು ಇದೆ.

ನನ್ನ ಪಾಲಿಗೆ ಇವತ್ತಿಗೂ 2004ರ ‘ಸ್ಪೈಡರ್‌ಮ್ಯಾನ್ 2’ ದಾಟಿದ್ದು ಬಂದಿಲ್ಲ. ಅದರಲ್ಲಿ ಹೀರೋ ಪಿಜ್ಜಾ ತಲುಪಿಸೋಕೆ ತಡ ಮಾಡಿ ಕೆಲಸ ಕಳೆದುಕೊಳ್ಳುತ್ತಾನೆ, ಮನೆ ಬಾಡಿಗೆ ಬಾಕಿ, ಮಾಲೀಕನ ಕಣ್ಣು ತಪ್ಪಿಸಿ ಓಡಾಡುತ್ತಾನೆ. “ನಿನಗೆ ಹೀರೋ ಅಂದ್ರೆ ಬಾಡಿಗೆ ಕಟ್ಟಬೇಕು, ಅಷ್ಟೇ” ಅಂತ ಗೆಳೆಯ ಅಣಕಿಸುತ್ತಾನೆ. ಹೌದು, ಕಟ್ಟಲಿ! ರೈಲು ನಿಲ್ಲಿಸಿ ಪ್ರಜ್ಞೆ ತಪ್ಪಿ ಬೀಳುವವನನ್ನು ಒಳಗಿನ ಜನ ಕೈ ಮೇಲೆ ಎತ್ತಿಕೊಂಡು ಹೋಗಿ ಮಲಗಿಸುತ್ತಾರಲ್ಲ, ಮುಖವಾಡ ಇಲ್ಲದ ಆ ಮುಖ ನೋಡಿ ಇನ್ನೂ ಹುಡುಗ ಇವನು ಅಂತ ಮರುಗುತ್ತಾರಲ್ಲ, ಆ ಜನ ನ್ಯೂಯಾರ್ಕಿನವರು, ಬೇರೆಲ್ಲಿಯವರೂ ಅಲ್ಲ.

ಹಾರರ್ ನೋಡುವ ನಿಮಗೆ ಅದರಲ್ಲಿ ಇನ್ನೊಂದು ಮಜಾ ಇದೆ. ನಿರ್ದೇಶಕ ಸ್ಯಾಮ್ ರೈಮಿ, 1981ರಲ್ಲಿ ‘ದಿ ಈವಿಲ್ ಡೆಡ್’ ಮಾಡಿದವನು. ಕಾಡಿನೊಳಗಿನ ಗುಡಿಸಲು, ಕಡಿಮೆ ದುಡ್ಡು. ದೆವ್ವ ಕಾಡಿನಲ್ಲಿ ಓಡಿಬರುವ ಹಾಗೆ ತೋರಿಸಬೇಕಿತ್ತು, ಹಲಗೆಗೆ ಕ್ಯಾಮೆರಾ ಕಟ್ಟಿ ಎರಡು ತುದಿ ಇಬ್ಬರು ಹಿಡಿದು ಓಡಿದರು. ಮುಗಿಯಿತು, ದೆವ್ವ ತಯಾರು! ಇಲ್ಲೂ ದೆವ್ವವನ್ನು ತೋರಿಸಲಿಲ್ಲ ಗಮನಿಸಿ, ದೆವ್ವ ಏನು ನೋಡುತ್ತದೋ ಅದನ್ನು ತೋರಿಸಿದರು. ಅದೇ ಮನುಷ್ಯ ‘ಸ್ಪೈಡರ್‌ಮ್ಯಾನ್ 2’ರ ಆಸ್ಪತ್ರೆ ಸೀನ್‌ನಲ್ಲಿ, ವಿಲನ್ ಡಾಕ್ಟರ್ ಆಕ್ಟೋಪಸ್‌ನ ಲೋಹದ ಕೈಗಳು ಎಚ್ಚರಾಗುವಾಗ, ತನ್ನ ಹಳೇ ಬುದ್ಧಿ ತೋರಿಸಿದ್ದಾನೆ. ಕಿರುಚಾಟ, ನೆಲದ ಮೇಲೆ ಉಗುರು ಕೆರೆಯುವುದು, ಗರಗಸ ಸಹಿತ. ಮಕ್ಕಳ ಸಿನಿಮಾ ಅಂತ ಕೂತವರು ಸುಮ್ನೆ ನಡುಗಬೇಕು.

ಹತ್ತಿರದ್ದು ಬೇಕಾದರೆ ಮಲಯಾಳಂನ ‘ಮಿನ್ನಲ್ ಮುರಳಿ’, 2021ರದ್ದು. ನಮ್ಮಲ್ಲಿ ಸಿಡಿಲು ಬಡಿದರೆ ಮೋಡೆಮ್ ಸುಡುತ್ತದೆ, ಅಲ್ಲಿ ಊರ ದರ್ಜಿಗೆ ಶಕ್ತಿ ಬರುತ್ತದೆ. ವಿಲನ್ ಟೀ ಅಂಗಡಿಯಲ್ಲಿ ಕೆಲಸ ಮಾಡುವ ಶಿಬು. ಊರಿನವರೆಲ್ಲ ಅಸಡ್ಡೆ ಮಾಡಿದ ಆ ಮನುಷ್ಯನನ್ನು ನೋಡಿ ನನಗೆ ಹೀರೋಗಿಂತ ಅವನ ಮೇಲೇ ಪ್ರೀತಿ ಬಂತು. ಅಂಥವನು ನಮ್ಮ ಪ್ರತಿ ಪೇಟೆಯಲ್ಲೂ ಒಬ್ಬ ಇದ್ದಾನೆ.

ಕಲ್ಟ್ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ನನ್ನದೂ ಸೇರಿಸಿಕೊಳ್ಳಿ. ಸಿನಿಮಾ ಬಿಡುಗಡೆಯೇ ಆಗಿರಲ್ಲ, ಆಗಲೇ ಕಲ್ಟ್ ಅಂತ ಪೋಸ್ಟರ್. ಮದುವೆಗೆ ಮೊದಲೇ ಬಾಣಂತಿ ಲೇಹ್ಯ ಕುದಿಸಿದ ಹಾಗೆ. ಆ ಹೆಸರು ಜನ ಕೊಡಬೇಕು, ಅದೂ ನಿಧಾನಕ್ಕೆ. 1995ರ ‘ಓಂ’ ಎಷ್ಟು ಸಲ ಮರುಬಿಡುಗಡೆ ಆದರೂ ಜನ ಹೋದರು, ಅದು ಜನ ಕೊಟ್ಟದ್ದು. 2014ರ ‘ಉಳಿದವರು ಕಂಡಂತೆ’ ಬಂದಾಗ ಹೆಚ್ಚು ಜನ ನೋಡಲಿಲ್ಲ, ಆಮೇಲೆ ಹಾಸ್ಟೆಲ್ ರೂಮುಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹೋಗಿ ಬೆಳೆಯಿತು. ನಾನು ನೋಡಿದ್ದೂ ಹಾಗೇ, ತಪ್ಪು, ಒಪ್ಪಿಕೊಳ್ಳುತ್ತೇನೆ. ‘ತುಂಬಾಡ್’ ಕೂಡ 2024ರಲ್ಲಿ ಮತ್ತೆ ಬಿಟ್ಟಾಗ ಮೊದಲ ಸಲಕ್ಕಿಂತ ಜಾಸ್ತಿ ಗಳಿಸಿತು.

ಹಳ್ಳಿ ಜನಕ್ಕೆ ಇಂಥದ್ದೆಲ್ಲ ಅರ್ಥ ಆಗಲ್ಲ ಅನ್ನುವವರಿಗೆ ಸಾಗರದ ಹತ್ತಿರದ ಹೆಗ್ಗೋಡು ನೆನಪಿಸಿ. ಕೆ.ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಂ 70ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಲೋಕದ ಒಳ್ಳೊಳ್ಳೆ ಸಿನಿಮಾಗಳನ್ನು ಅಡಿಕೆ ಬೆಳೆಯುವವರ ಮುಂದೆ ಹಾಕಿತ್ತು. ಜನ ಕೂತು ನೋಡಿದರು, ಜಗಳವನ್ನೂ ಆಡಿದರು.

ಹಾಗಾಗಿ ಮೊದಲು ‘ತುಂಬಾಡ್’ ನೋಡಿ, ಮಳೆ ಇರುವ ದಿನವೇ. ‘ಬ್ಲೇರ್ ವಿಚ್’ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ನೋಡಿ ಬೋರ್ ಆಯಿತು ಅಂತ ನನಗೆ ಬೈಯಬೇಡಿ. ಒಂದು ಜುಲೈನಲ್ಲಿ ಈ ಕಡೆ ಬನ್ನಿ, ಹಿತ್ತಲಲ್ಲಿ ಬಚ್ಚಲಿರುವ ಮನೆಯಲ್ಲಿ ಉಳಿಯಿರಿ. ಟಾರ್ಚ್‌ಗೆ ಹೊಸ ಸೆಲ್ ಹಾಕಿಕೊಂಡು ಬನ್ನಿ.