ಹೂತ ಉಪ್ಪು, ಬಾಗಿದ ಪದರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಭೂಮಿಯ ಆಳದಲ್ಲಿ ಹೂತಿರುವ ಉಪ್ಪು ತನ್ನ ಮೇಲಿನ ಶಿಲಾಪದರುಗಳನ್ನು ಬಾಗಿಸಿ, ಸೀಳಿ, ಗುಮ್ಮಟದಂತೆ ಏಳುತ್ತದೆ ಎಂದು ಓದಿದ್ದೇನೆ. ಉಪ್ಪಿಗೆ ಕಲ್ಲನ್ನು ಎತ್ತುವ ಬಲ ಎಲ್ಲಿಂದ ಬರುತ್ತದೆ? ನಮ್ಮೂರಿನ ಕೊಳವೆಬಾವಿಗಳ ನೀರು ಸವಳಾಗಿರುವುದಕ್ಕೂ ಅಂಥ ಪದರೇ ಕಾರಣವೇ?
– ಓದುಗರೊಬ್ಬರು, ನವಲಗುಂದ

ಉತ್ತರ: ಆ ಬಲ ಬಹುಮಟ್ಟಿಗೆ ಮೇಲೆ ಕೂತ ಹೂಳಿನದೇ. ಸಾಗರದಿಂದ ಬೇರ್ಪಟ್ಟ ಸಮುದ್ರಭಾಗವೊಂದು ಬಿಸಿಲಿಗೆ ಬತ್ತುತ್ತ, ಮತ್ತೆ ಮತ್ತೆ ನೀರು ತುಂಬಿಕೊಳ್ಳುತ್ತ ಹೋದಾಗ ತಳದಲ್ಲಿ ಉಪ್ಪಿನ ಪದರು ಬೆಳೆಯುತ್ತದೆ. ಒಂದು ಕಿಲೋಮೀಟರ್ ಆಳದ ಸಮುದ್ರ ಪೂರ್ತಿ ಒಣಗಿದರೂ ಉಳಿಯುವುದು ಸುಮಾರು 16 ಮೀಟರ್ ಲವಣ ಮಾತ್ರವಾದ್ದರಿಂದ, ಸಾವಿರ ಮೀಟರ್ ದಪ್ಪದ ಪದರಿಗೆ ನೀರು ಪದೇ ಪದೇ ತುಂಬಲೇಬೇಕು. ಆಮೇಲೆ ನದಿಗಳು ತಂದ ಮರಳು, ಜೇಡಿ ಅದರ ಮೇಲೆ ಕೂತು ತಮ್ಮ ಭಾರಕ್ಕೆ ತಾವೇ ಬಿಗಿಯಾಗುತ್ತವೆ. ಉಪ್ಪು ಹಾಗೆ ಬಿಗಿಯಾಗುವುದಿಲ್ಲ; ಎಷ್ಟು ಆಳಕ್ಕೆ ಹೋದರೂ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 2.2 ಗ್ರಾಂ ಆಸುಪಾಸಿನಲ್ಲೇ ಇರುತ್ತದೆ, ಆಳದ ಹೂಳು ಅದನ್ನು ಮೀರಿ 2.4ರ ಆಚೆಗೂ ಏರುತ್ತದೆ. ಸುತ್ತಿಗೆಯ ಏಟಿಗೆ ಒಡೆಯುವ ಕಲ್ಲುಪ್ಪು, ಬಿಡದೆ ಒತ್ತುವ ಭಾರಕ್ಕೆ ಸಿಕ್ಕಾಗ ಲಕ್ಷಾಂತರ ವರ್ಷಗಳಲ್ಲಿ ಮಂದ ದ್ರವದಂತೆ ಹರಿಯುತ್ತದೆ.

ಹಗುರವಾದ ಉಪ್ಪು ತೇಲಿ ಮೇಲೆ ಬರುತ್ತದೆ ಎಂಬ ವಿವರಣೆ 1930ರ ದಶಕದಿಂದ ಬಹುಕಾಲ ನಡೆಯಿತು. ಅದು ಸುಳ್ಳಲ್ಲ, ಆದರೆ ಅಷ್ಟರಿಂದಲೇ ಎಲ್ಲವೂ ತಿಳಿಯುವುದಿಲ್ಲ. ಮೇಲಿನ ಹೂಳು ದ್ರವವಲ್ಲ. ದಪ್ಪನೆಯ, ಗಟ್ಟಿಯಾದ ಮುಚ್ಚಳವನ್ನು ತೇಲುವ ಬಲವೊಂದರಿಂದಲೇ ಭೇದಿಸುವುದು ಉಪ್ಪಿಗೆ ಕಷ್ಟ. ಮೇಲಿನ ಪದರುಗಳು ಅಕ್ಕಪಕ್ಕಕ್ಕೆ ಎಳೆದುಕೊಂಡು ಬಿರುಕು ಬಿಟ್ಟು ತೆಳುವಾದಲ್ಲಿ ಉಪ್ಪು ಆ ಜಾಗಕ್ಕೆ ನುಗ್ಗುತ್ತದೆ ಎಂಬುದನ್ನು ವಾಂದ್‌ವಿಲ್ ಮತ್ತು ಜಾಕ್ಸನ್ ಎಂಬ ವಿಜ್ಞಾನಿಗಳು 1992ರಲ್ಲಿ ಪ್ರಯೋಗಾಲಯದ ಮಾದರಿಗಳಿಂದ ತೋರಿಸಿದರು.

ಇದಕ್ಕಿಂತ ಹೆಚ್ಚು ಕೆಲಸ ಮಾಡುವುದು ಭಾರದ ಏರುಪೇರು. ನದೀಮುಖದ ಕಡೆ ಹೂಳು ದಪ್ಪವಾಗಿದ್ದು, ಸಮುದ್ರದ ಒಳಗಡೆ ತೆಳುವಾಗಿದ್ದರೆ ಉಪ್ಪು ಭಾರವಿದ್ದ ಕಡೆಯಿಂದ ಇಲ್ಲದ ಕಡೆಗೆ ಸರಿಯುತ್ತದೆ. ಮಳೆಯ ಮರುದಿನ ನಮ್ಮ ಎರಿ ಹೊಲದಲ್ಲಿ ಬರಿಗಾಲೂರಿದರೆ ಬೆರಳ ಸಂದಿಯಿಂದ ರಾಡಿ ಮೇಲೇರುವುದು ಇದೇ ರೀತಿ. ಉಪ್ಪು ಸರಿದ ಜಾಗ ಕುಸಿದು ತಗ್ಗಾಗುತ್ತದೆ, ಆ ತಗ್ಗಿಗೆ ಇನ್ನಷ್ಟು ಹೂಳು ಬಂದು ಸೇರುತ್ತದೆ, ಅದರ ಭಾರಕ್ಕೆ ಇನ್ನಷ್ಟು ಉಪ್ಪು ಪಕ್ಕಕ್ಕೆ ಹೋಗುತ್ತದೆ. ಕೆಲವೆಡೆ ಉಪ್ಪೆಲ್ಲ ಹಿಂಡಿಹೋಗಿ ಮೇಲಿನ ಪದರು ನೇರವಾಗಿ ತಳದ ಕಲ್ಲಿನ ಮೇಲೆಯೇ ಕೂತುಬಿಡುತ್ತದೆ. ಮೆಕ್ಸಿಕೋ ಕೊಲ್ಲಿಯ ಉತ್ತರದ ಇಳಿಜಾರಿನಲ್ಲಿ ಇಂಥ ತಗ್ಗುಗಳು ಒತ್ತೊತ್ತಾಗಿವೆ. ಎಷ್ಟೋ ಗುಮ್ಮಟಗಳಲ್ಲಿ ಉಪ್ಪಿನ ನೆತ್ತಿ ಮೊದಲಿನಿಂದಲೂ ಸಮುದ್ರತಳದ ಸಮೀಪವೇ ಇದ್ದು, ಸುತ್ತಲಿನ ಹೂಳು ಕೆಳಗಿಳಿಯುತ್ತ ಹೋದದ್ದರಿಂದ ಉಪ್ಪು ಎದ್ದುನಿಂತಂತೆ ಕಾಣುತ್ತದೆ. ಗುಮ್ಮಟದ ಕಡೆಗೆ ಬರುಬರುತ್ತ ತೆಳುವಾಗುವ ಪದರು ಉಪ್ಪು ಏಳುತ್ತಿದ್ದಾಗಲೇ ಕೂತದ್ದು. ಒಂದೇ ದಪ್ಪವಿದ್ದೂ ಬಾಗಿರುವ ಪದರು ಅದಕ್ಕಿಂತ ಮೊದಲಿನದು. ಹಾಗಾಗಿ ಬಾಗಿದ ಪದರುಗಳ ದಪ್ಪವನ್ನು ಅಳೆದರೆ ಉಪ್ಪು ಯಾವಾಗ ಚಲಿಸಿತೆಂಬುದನ್ನು ಕಾಲಕ್ರಮದಲ್ಲಿ ಜೋಡಿಸಬಹುದು, ಮತ್ತು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸೊಗಸಾದ ಭಾಗ ಅದು. ಇರಾನಿನ ಝಾಗ್ರೋಸ್ ಪರ್ವತಗಳಲ್ಲಿ 50 ಕೋಟಿ ವರ್ಷಕ್ಕೂ ಹಳೆಯ ಉಪ್ಪು ನೆಲದ ಮೇಲಕ್ಕೇ ಬಂದು, ಹಿಮನದಿಯಂತೆ ಕಣಿವೆಗೆ ಇಳಿಯುತ್ತಿದೆ. ಮಳೆಗೆ ನೆನೆದಾಗ ಅದರ ನಡೆ ಚುರುಕಾಗುತ್ತದೆ.

ನಿಮ್ಮೂರಿನ ಸವಳಿಗೆ ಇದಾವುದೂ ಕಾರಣವಲ್ಲ. ನಮ್ಮ ಭಾಗದ ತಳದಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡ ಶ್ರೇಣಿಯ ಶಿಲೆ ಮತ್ತು ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಅದರಲ್ಲಿ ಉಪ್ಪಿನ ಪದರಿಲ್ಲ. ಕಪ್ಪತಗುಡ್ಡದ ಮಡಿಕೆಗಳೂ ಭೂಚಿಪ್ಪಿನ ಒತ್ತಡದಿಂದಾದವು. ಕಲ್ಲು ಶಿಥಿಲವಾದಾಗ ಬಿಟ್ಟುಕೊಟ್ಟ ಲವಣ, ಅದನ್ನು ತೊಳೆದೊಯ್ಯಲು ಸಾಲದ ಮಳೆ, ನೀರು ಬಸಿಯಗೊಡದ ಎರಿ ಮಣ್ಣು, ಕಾಲುವೆಯ ನೀರು ಮಿತಿಮೀರಿದಲ್ಲಿ ಮೇಲೇರಿ ಆವಿಯಾಗುವ ಅಂತರ್ಜಲ, ಇವು ಕೂಡಿ ಸವಳು ಹುಟ್ಟುತ್ತದೆ.

ಪ್ರಶ್ನೆ: ಭಾರತದಲ್ಲಿ ಹೂತ ಉಪ್ಪಿದೆಯೇ? ತೈಲ ಹುಡುಕುವವರಿಗೆ ಅದರ ಮೇಲೆ ಅಷ್ಟೇಕೆ ಆಸಕ್ತಿ?
– ಓದುಗರೊಬ್ಬರು, ಗದಗ

ಉತ್ತರ: ಹಿಮಾಚಲ ಪ್ರದೇಶದ ಮಂಡಿಯಲ್ಲಿ ಮತ್ತು ರಾಜಸ್ಥಾನದ ಬಿಕಾನೇರ್ ಕಡೆಯ ನೆಲದಾಳದಲ್ಲಿದೆ. ತೈಲದವರ ಆಸಕ್ತಿಗೆ ಕಾರಣವೆಂದರೆ, ಉಪ್ಪು ತೈಲವನ್ನೂ ಅನಿಲವನ್ನೂ ಸೋರಗೊಡುವುದಿಲ್ಲ. ಗುಮ್ಮಟದ ಪಕ್ಕದಲ್ಲಿ ಮೇಲಕ್ಕೆ ಬಾಗಿದ ಮರಳುಗಲ್ಲಿನಲ್ಲಿ ಏರಿಬಂದ ತೈಲ ಅಲ್ಲೇ ಸಿಕ್ಕಿಬೀಳುತ್ತದೆ. ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ 1901ರ ಜನವರಿ 10ರಂದು ತೈಲ ಚಿಮ್ಮಿದ್ದು ಇಂಥ ಗುಮ್ಮಟವೊಂದರ ಮೇಲೆ. ಬ್ರೆಜಿಲ್‌ನ ಸಾಂಟೋಸ್ ಕಡಲಲ್ಲಿ ತೈಲ ಉಪ್ಪಿನ ಅಡಿಯಲ್ಲಿದೆ, ಮತ್ತು ಆ ಉಪ್ಪು ಕೆಲವೆಡೆ ಎರಡು ಕಿಲೋಮೀಟರ್ ದಪ್ಪವಿದೆ. ಅಲ್ಲಿನ ತೊಡಕೆಂದರೆ, ನೆಲದಾಳದ ಚಿತ್ರ ಪಡೆಯಲು ಕಳಿಸುವ ಶಬ್ದದ ಅಲೆ ಉಪ್ಪಿನಲ್ಲಿ ಸುತ್ತಲಿನ ಹೂಳಿಗಿಂತ ಚುರುಕಾಗಿ, ಸೆಕೆಂಡಿಗೆ ಸುಮಾರು 4.5 ಕಿಲೋಮೀಟರ್ ವೇಗದಲ್ಲಿ ಹೋಗುವುದರಿಂದ ಅದರ ದಾರಿ ಬಾಗಿ, ಕೆಳಗಿನ ಪದರುಗಳ ಚಿತ್ರ ವಕ್ರವಾಗಿ ಮೂಡುತ್ತದೆ. ಅಮೆರಿಕವು ತನ್ನ ತುರ್ತು ತೈಲವನ್ನು ಉಪ್ಪಿನ ಗುಮ್ಮಟಗಳಲ್ಲಿ ಕೊರೆದ ಗುಹೆಗಳಲ್ಲಿ ಇಟ್ಟಿದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನಾವು ಅದೇ ಉದ್ದೇಶಕ್ಕೆ ಗಟ್ಟಿ ಬಂಡೆಯನ್ನೇ ಕೊರೆಯಬೇಕಾಯಿತು.