ಮೊನಾಡ್ ಪಕ್ಕಕ್ಕಿಡಿ, ಮೊದಲು ಭತ್ತದ ಲೆಕ್ಕ ಮಾಡಿ

ಪ್ರಶ್ನೆ: ನಾನು ಗಂಗಾವತಿಯ ಬಿಸಿಎ ವಿದ್ಯಾರ್ಥಿ. ಪೈಥಾನ್ ಬರುತ್ತೆ. ಹ್ಯಾಸ್ಕೆಲ್ ಶುರು ಮಾಡೋಕೆ ಮುಂಚೆ ಮೊನಾಡ್, ಕೆಟಗರಿ ಥಿಯರಿ ಓದಬೇಕಾ ಸರ್?

ಉತ್ತರ: ಬೇಡ. ಹ್ಯಾಸ್ಕೆಲ್ ಅಂದರೆ ಫಂಕ್ಷನ್‌ಗಳನ್ನೇ ಜೋಡಿಸಿ ಬರೆಯುವ, ಅಂದರೆ ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಭಾಷೆ. ಮೊನಾಡ್ ಅದರಲ್ಲಿ ಹಂತಗಳನ್ನು ಒಂದರ ಹಿಂದೊಂದು ಪೋಣಿಸುವ ಒಂದು ವಿಧಾನ, ಕೆಟಗರಿ ಥಿಯರಿ ಅದರ ಹಿಂದಿನ ಗಣಿತ. ರಾಯಚೂರು, ಕೊಪ್ಪಳದ ಹುಡುಗರಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಹೆದರಿಕೆ ಹುಟ್ಟಿಸುವವರ ಮೇಲೆ ನನಗೆ ಸಿಟ್ಟಿದೆ. ಹ್ಯಾಸ್ಕೆಲ್‌ನ ಮೊದಲ ಆವೃತ್ತಿ ಬಂದದ್ದು 1990ರಲ್ಲಿ. ಇನ್‌ಪುಟ್-ಔಟ್‌ಪುಟ್‌ಗೆ ಮೊನಾಡ್ ಸೇರಿದ್ದು 1996ರಲ್ಲಿ. ಅಷ್ಟು ವರ್ಷ ಭಾಷೆಯೇ ಅದಿಲ್ಲದೆ ನಡೆಯಿತು. ನಿಮಗೆ ಆರು ವಾರ ನಡೆಯಲ್ವಾ?

ನಿಮ್ಮೂರಲ್ಲಿ ರೈಸ್ ಮಿಲ್‌ಗಳು ಬೇಕಾದಷ್ಟಿವೆ, ಅಲ್ಲಿಂದಲೇ ಲೆಕ್ಕ ಹಿಡಿಯಿರಿ. ನಾಲ್ಕು ಲಾರಿ ಭತ್ತ ಬಂದಿದೆ ಅನ್ನಿ: 200, 180, 220, 160 ಚೀಲ. ತೇವಾಂಶ ಶೇ 14, 19, 16, 17. ಸರ್ಕಾರಿ ಖರೀದಿಯಂತೆ ಶೇ 17 ದಾಟಿದ್ದನ್ನು ಬಿಡಬೇಕು. ಉಳಿದದ್ದು ಎಷ್ಟು ಕೆಜಿ? ಪೈಥಾನ್‌ನಲ್ಲಿ 'ಒಟ್ಟು' ಅಂತ ಒಂದು ವೇರಿಯಬಲ್ ಇಟ್ಟು, ಲೂಪ್ ಹಾಕಿ, ಪ್ರತಿ ಸಲ ಅದನ್ನು ಬದಲಿಸುತ್ತೀರಿ. ಹ್ಯಾಸ್ಕೆಲ್‌ನಲ್ಲಿ ಹಾಗೆ ಬದಲಿಸುವ ಹಾಗಿಲ್ಲ. ಫಿಲ್ಟರ್‌ನಿಂದ 19ರ ಲಾರಿ ಬಿಡಿ. ಮ್ಯಾಪ್‌ನಿಂದ ಉಳಿದ ಲಾರಿಗಳ ಚೀಲವನ್ನು 75 ಕೆಜಿಯಿಂದ ಗುಣಿಸಿ. ಆಮೇಲೆ ಕೂಡಿಸಿ. 43,500 ಬರಬೇಕು. ಮೂಲ ಪಟ್ಟಿ ಹೇಗಿತ್ತೋ ಹಾಗೇ ಇರುತ್ತದೆ.

ಈಗ ಕೂಡಿಸುವ ಫಂಕ್ಷನ್ ನೀವೇ ಬರೆಯಿರಿ, ಸಿದ್ಧ ಇರುವುದನ್ನು ಮುಟ್ಟಬೇಡಿ. ಪಟ್ಟಿ ಖಾಲಿಯಿದ್ದರೆ ಸೊನ್ನೆ. ಇಲ್ಲದಿದ್ದರೆ ಮೊದಲನೆಯದಕ್ಕೆ ಉಳಿದ ಪಟ್ಟಿಯ ಮೊತ್ತ ಸೇರಿಸಿ. ಎರಡೇ ಸಾಲು. ಗುಣಿಸುವುದು, ಎಣಿಸುವುದು, ಪಟ್ಟಿ ತಿರುವುಮುರುವು ಮಾಡುವುದು ಎಲ್ಲ ಹೀಗೇ ಬರೆಯಿರಿ. ಹತ್ತು ಬರೆದ ಮೇಲೆ ಎಲ್ಲದರ ಅಚ್ಚು ಒಂದೇ ಅಂತ ನಿಮಗೇ ಕಾಣುತ್ತದೆ. ಆ ಅಚ್ಚಿನ ಹೆಸರು ಫೋಲ್ಡ್. ಅದನ್ನು ಮೊದಲೇ ಬಾಯಿಪಾಠ ಮಾಡಿದವರು ನನ್ನ ಹತ್ತಿರ ವಾಪಸ್ ಬಂದಿದ್ದಾರೆ, ಏನೂ ಅರ್ಥವಾಗದೆ.

ಟೈಪ್ ಎರರ್ (ಸಂಖ್ಯೆ ಬೇಕಾದಲ್ಲಿ ಅಕ್ಷರ ಕೊಟ್ಟಂಥ ತಪ್ಪು) ಬಂದರೆ ಚಾಟ್‌ಬಾಟ್‌ಗೆ ಅಂಟಿಸಬೇಡಿ, ಪೂರ್ತಿ ಓದಿ. ಏನು ಬೇಕಿತ್ತು, ನೀವು ಏನು ಕೊಟ್ಟಿರಿ ಅಂತ ಅದರಲ್ಲೇ ಇರುತ್ತದೆ.

ಪ್ರಶ್ನೆ: ಹ್ಯಾಸ್ಕೆಲ್ ಕಲಿತರೆ ಕೂಡಲೇ ಕೆಲಸ ಸಿಗುತ್ತಾ? (ಸಿರುಗುಪ್ಪ)

ಉತ್ತರ: ಇಲ್ಲ, ಜಾವಾ ಬಿಡಬೇಡಿ.

ಪ್ರಶ್ನೆ: '30 ದಿನದಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್, ಕೆಲಸ ಗ್ಯಾರಂಟಿ' ಕೋರ್ಸ್‌ಗೆ ಸೇರಲಾ? (ಸಿಂಧನೂರು)

ಉತ್ತರ: ಒಂದು ರೂಪಾಯಿಯೂ ಕಟ್ಟಬೇಡಿ. ಹ್ಯಾಸ್ಕೆಲ್ ಕಂಪೈಲರ್ ಉಚಿತ. ನನ್ನ ತಂಗಿಯ ಮಗ ಇಂಥದ್ದೇ ಕಡೆ ದುಡ್ಡು ಕಟ್ಟಿ ತಿಂಗಳು ಪೂರ್ತಿ ಸ್ಲೈಡ್ ನೋಡಿದ. ಒಂದು ದಿನವೂ ಅವನ ಕೈಗೆ ಕೀಬೋರ್ಡ್ ಕೊಡಲಿಲ್ಲ.